ಒಂದು ಬೆರಳಗಲ

ಬೆಳಗ್ಗೆ ಏಳಕ್ಕೆ ಹಾರೆ ನೆಟ್ಟ ಮೇಲೆ
ಜೇನುಕಲ್ಲಯ್ಯ ಅದರ ಮೊನೆ ನೋಡುವುದೇ ಇಲ್ಲ.
ಅರಸೀಕೆರೆ ರೈಲ್ವೆ ಗೇಟಿಗೆ ಸಿಕ್ಕಿಕೊಂಡ ಲಾರಿ ನೋಡುತ್ತಾನೆ,
ನನ್ನ ಕೈಯ ಟೀ ನೋಡುತ್ತಾನೆ,
ಕಾಯಿ ತಾನಾಗಿ ಹೋಗಿ ಮೊನೆಗೆ ಕೂರುತ್ತದೆ.
ಮೂರು ತಿರುವು, ಮೂರು ಹೋಳು ಸಿಪ್ಪೆ.
ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ್ದು
ಅವನ ಕಿವಿಯ ಹತ್ತಿರ ಒಂದು ಸಲ ಗಟಗಟ ಅಂದು
ರಾಶಿಗೆ ಉರುಳುತ್ತದೆ.

ನಾನು ಮಂಡಿಯ ಲೆಕ್ಕದವನು.
ನೂರಕ್ಕೊಂದು ಗೀಟು, ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ.
ಎಂಟನೆಯ ಗೀಟು ಎಳೆಯುವ ಹೊತ್ತಿಗೆ
ಅವನ ಮಾತು ನಿಂತಿರುತ್ತದೆ.

ಹೋದ ವಾರ ಹಾಸನದ ಆಸ್ಪತ್ರೆಯಿಂದ
ಫಿಸಿಯೋಥೆರಪಿ ಓದುವ ಹುಡುಗಿ, ನುಸ್ರತ್, ಬಂದಿದ್ದಳು.
ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ,
ಮಕ್ಕಳ ಕಂಪಾಸು ಪೆಟ್ಟಿಗೆಯಿಂದ ಕದ್ದು ತಂದ ಹಾಗಿತ್ತು.
ಅವನ ಟವೆಲ್ಲನ್ನೇ ಅವನ ಕಣ್ಣಿಗೆ ಕಟ್ಟಿ,
ಮೊಣಕೈ ಮಡಿಸಿ ಒಂದು ಜಾಗ ತೋರಿಸಿ, ಇಳಿಸಿ,
‘ಈಗ ಅಲ್ಲಿಗೇ ತನ್ನಿ’ ಅಂದಳು.
ಬೆಳಗ್ಗೆ ಎರಡು ಡಿಗ್ರಿ ತಪ್ಪಿತು.
ಸಂಜೆ ಒಂಬತ್ತು.

‘ಅಲ್ಲೇ ಇಟ್ಟಿವ್ನಿ ಕಣವ್ವ’ ಅಂದ,
ಎಲ್ಲೂ ಅಲ್ಲದ ಕಡೆ ಕೈ ಎತ್ತಿ ಹಿಡಿದು,
ಅಷ್ಟು ನಂಬಿಕೆಯಿಂದ.

ಅವಳು ಬಿಡಿಸಿ ಹೇಳಿದಳು:
ಸೋತ ಸ್ನಾಯುವಿಗೆ ಅದೇ ಎತ್ತರಕ್ಕೂ ಹೆಚ್ಚು ಬಲ ಬೇಕು,
ಆ ಬಲವನ್ನೇ ಮಿದುಳು ದೂರ ಅಂದುಕೊಳ್ಳುತ್ತದೆ.
ಕೈ ಇನ್ನೂ ದಾರಿಯಲ್ಲಿರುವಾಗಲೇ
ಬಂದೆ ಅನ್ನುತ್ತದೆ.

ಜೇನುಕಲ್ಲಯ್ಯ ಟವೆಲ್ ಬಿಚ್ಚಿ ಎಡಗೈ ಚಾಚಿದ.
ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಷ್ಟು ಗಾಯದ ಕಲೆ.
‘ಇಪ್ಪತ್ ವರ್ಸದ್ ಹಿಂದೆ ಇದೇ ಹೇಳ್ತು ನಂಗೆ.
ಎಂಟ್ನೂರ್ ದಾಟುದ್ ಮ್ಯಾಲೆ
ಮೊನೆ ಇರೋ ಕಡೀಕೆ ನಾನು ಕಾಯಿ ತರಾಕಿಲ್ಲ.
ಒಂದ್ ಬೆರಳಗಲ ಎಡಕ್ಕೆ ತತ್ತೀನಿ.
ಆಗ ಸರ್ಯಾಗ್ ಕೂರ್ತದೆ.’

ಅವಳ ಪೆನ್ನು ನಿಂತಿತು. ಹಾಳೆಯ ಹಿಂದೆ ಮುಂದೆ ತಿರುವಿದಳು.
ಇದನ್ನು ಬರೆಯಲು ಕಾಲಂ ಇರಲಿಲ್ಲ.

ಎಂಟುನೂರಕ್ಕೆ ನಿಲ್ಲಿಸಬಹುದಲ್ಲ, ಅಂತ ಕೇಳಿದ್ದು ನನ್ನನ್ನು.
ಕೂಲಿ ಸಾವಿರಕ್ಕೆ, ಅಂದೆ.
ಹೇಳುವಾಗ ಗೋಡೆ ಕಡೆ ತಿರುಗಿದ್ದೆ.

ದಿನಾ ಬೆಳಗ್ಗೆ ಮುಂಗಡಕ್ಕೊಂದು ರುಜು, ಸಂಜೆ ಬಾಕಿಗೊಂದು.
ಸಂಜೆಯದರಲ್ಲಿ ‘ಜೇನು’ ಗೆರೆಯ ಮೇಲೆ ನಿಲ್ಲುತ್ತದೆ,
‘ಕಲ್ಲಯ್ಯ’ ಕೆಳಗಿನ ಮನೆಗೆ ಜಾರಿ
ಬೇರೆ ಯಾರದೋ ದುಡ್ಡಿನ ಮೇಲೆ ಕೂರುತ್ತದೆ.
ಲೆಕ್ಕ ತಪಾಸಣೆಗೆ ಬಂದ ಹೊಸಬ
ಎರಡರ ಮೇಲೂ ಬೆರಳಿಟ್ಟು ಕೇಳಿದ:
ಇವೆರಡೂ ಒಬ್ಬನದೇನ್ರೀ?

ಹೌದು ಅನ್ನಬೇಕಿತ್ತು.
ಆ ಹೊತ್ತಿಗೆ ಅಂಗಳದಲ್ಲಿ ಅವನು ಹಾರೆ ಕೀಳುತ್ತಿದ್ದ.
ಮೊದಲ ಸಲ ಹಿಡಿ ಗಾಳಿಗೆ ಬಿತ್ತು.
ಎರಡನೆಯ ಸಲ, ಒಂಚೂರು ಎಡಕ್ಕೆ ಸರಿದು,
ಸಿಕ್ಕಿತು.