ಒಂದು ತಲೆ ಹೆಚ್ಚು

ಕರ್ಡ್ಲಾದ ಸಂಸ್ಕೃತಿ ಭವನದಲ್ಲಿ ಮಡಚುವ ಕುರ್ಚಿ ಹಾಕಿದ್ದರು.
ಅರ್ಧ ದ್ವೀಪವೇ ಬಂದು ಕೂತಿತ್ತು, ಒದ್ದೆ ಕೋಟುಗಳ ವಾಸನೆ ಸಮೇತ.
ನಮ್ಮದೇ ಹಡಗು, ನಮ್ಮದೇ ಸಮುದ್ರ,
ಟಾಲಿನ್ನಿನ ಹುಡುಗರು ಹೋದ ನವೆಂಬರಿನಲ್ಲಿ
ಹದಿನೇಳು ದಿನ ನೆಗಡಿ ಹಿಡಿಸಿಕೊಂಡು ತೆಗೆದ ಸಿನಿಮಾ.
ಮೂರನೆಯ ಸಾಲಿನಲ್ಲಿ ನಾನು. ಪಕ್ಕದಲ್ಲಿ ಎಂಜಿನ್ ಕೋಣೆಯ ವಾಂಬೋಲ.
ಎಂಜಿನ್ನೇ ಅವನ ಕಿವಿ ತಿಂದದ್ದು,
ಹಾಗಾಗಿ ಯಾರು ಯಾರನ್ನು ಅನುಮಾನಿಸುತ್ತಿದ್ದಾರೆಂದು
ನಾನೇ ಕೂಗಿ ಹೇಳಬೇಕು.

ಶುರು ಹೀಗೆ:
ರೊಹುಕ್ಯುಲದಲ್ಲಿ ನಲವತ್ತೊಂದು ಜನ ಹತ್ತುತ್ತಾರೆ.
ಮಂಜು. ನಡುವೆ ಎಲ್ಲೂ ನಿಲ್ಲದ ಹಡಗು.
ಹೆಲ್ಟರ್ಮಾದಲ್ಲಿ ಇಳಿಯುವವರು ನಲವತ್ತೆರಡು.
ಟಿಕೆಟಿನ ಹುಡುಗಿ ತುಟಿ ಅಲ್ಲಾಡಿಸದೆ ಎಣಿಸುತ್ತಾಳೆ,
ಕೋಟಿನ ಜೇಬಿನೊಳಗೆ ಗುಂಡಿ ಒತ್ತುತ್ತ, ಕಟಕ್, ಕಟಕ್.
ಆ ಎಣಿಕೆಯ ಡಬ್ಬಿ ನನ್ನದು.
ಮೂವತ್ತೊಂದು ವರ್ಷ ನನ್ನ ಹೆಬ್ಬೆರಳು ಸವೆಸಿದ ಗುಂಡಿ.
ಎರವಲು ಕೇಳಿದರು, ಕೊಟ್ಟಿದ್ದೆ.

ಇಪ್ಪತ್ತು ನಿಮಿಷ ಯಾರೂ ಕೆಮ್ಮಲಿಲ್ಲ.
ಆ ಇಪ್ಪತ್ತು ನಿಮಿಷ ತೆರೆಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಹೆಚ್ಚಾದರು.
ಬುಟ್ಟಿಯ ಮೇಲೆ ಕೈಯಿಟ್ಟು ಕೂತ ಮುದುಕಿ ಹೆಚ್ಚು,
ಬಾಯಿ ತೆರೆದು ನಿದ್ದೆಹೋದ ಬಡಗಿ ಹೆಚ್ಚು,
ಕಿಟಕಿಗೆ ಉಸಿರೂದಿ ಮೀನು ಬರೆದು
ಮೀನು ಆರುವ ಮೊದಲೇ ಅಳಿಸಿದ ಮಗು,
ಅಯ್ಯೋ, ಅದೂ ಹೆಚ್ಚು.
"ಯಾರದು?" ಅಂದ ವಾಂಬೋಲ.
ನಾನು ಅವನ ಮಂಡಿ ಒತ್ತಿದೆ. ಸುಮ್ಮನಿರು. ಯಾರು ಬೇಕಾದರೂ.

ಆಮೇಲೆ ಒಂದು ಪಿಸ್ತೂಲು ಬಂತು.
ಪಿಸ್ತೂಲಿನ ಬೆನ್ನಿಗೆ ಅವಳಿ ತಮ್ಮ,
ತಮ್ಮನ ಬೆನ್ನಿಗೆ ಮರೆವಿನ ರೋಗ,
ರೋಗದ ಬೆನ್ನಿಗೊಬ್ಬ ಡಾಕ್ಟರು
ಎಲ್ಲವನ್ನೂ ಮೊದಲಿಂದ ಬಿಡಿಸಿ ಹೇಳಲು.
ಮಂಜು ಎಲ್ಲಿ ಹೋಯಿತೋ, ಫಳಫಳ ಬಿಸಿಲು.
ಕೆಳಡೆಕ್ಕಿನಲ್ಲಿ ಕಾರುಗಳ ಬೆನ್ನಟ್ಟಾಟ.
ಹಡಗಿನೊಳಗೆ! ಎಲ್ಲಿಗೆ ಓಡಿಸುತ್ತೀಯೋ ಮಹಾರಾಯ?
ಹಿಂದಿನ ಸಾಲಿನವರು ನಕ್ಕರು,
ಯಾರೋ ಉಪ್ಪುಮೀನಿನ ಪೊಟ್ಟಣ ಬಿಚ್ಚಿದರು.
ಕೊನೆಗೆ ನಲವತ್ತೆರಡನೆಯವನು ಪೆಟ್ಟಿಗೆಯಲ್ಲಿ ಅಡಗಿದ್ದನಂತೆ.
ಅಷ್ಟು ಮಂಜು ಹೊತ್ತು ತಂದು, ಒಂದು ಪೆಟ್ಟಿಗೆ.
ಬೆಟ್ಟ ಅಗೆದು ಇಲಿ ಹಿಡಿದರು ಅನ್ನೋಣವೆಂದರೆ
ನಮ್ಮ ದ್ವೀಪದಲ್ಲಿ ಅಗೆಯಲು ಬೆಟ್ಟವೂ ಇಲ್ಲ.

ಡಬ್ಬಿ ಕೇಳಿದವರು ನನ್ನನ್ನೂ ಒಂದು ಮಾತು ಕೇಳಬಹುದಿತ್ತು.

ಎಂಬತ್ತಮೂರರ ಅಕ್ಟೋಬರ್. ಆಗ ಇಲ್ಲಿಗೆ ಬರಲು ಪರವಾನಗಿ ಬೇಕು,
ಕಟ್ಟೆಯ ಮೇಲೆ ಗಡಿಕಾವಲು, ನಾಯಿ.
ಹತ್ತಿದವರು ಮೂವತ್ತಾರು.
ಇಳಿದವರು ಮೂವತ್ತೈದು.
ಬೆಂಚಿನ ಮೇಲೊಂದು ಕೆಂಪು ಫ್ಲಾಸ್ಕು, ಮುಚ್ಚಳದಲ್ಲಿ ಅರ್ಧ ಕುಡಿದ ಚಹಾ,
ಹಬೆ ಇನ್ನೂ ಏಳುತ್ತಿತ್ತು.
ಪಿಸ್ತೂಲಿರಲಿಲ್ಲ. ಯಾರೂ ಕಿರುಚಲಿಲ್ಲ.
ಮೊಡವೆ ಮುಖದ ಕಾವಲು ಹುಡುಗ "ಎಷ್ಟು?" ಎಂದ.
ಜೇಬಿನೊಳಗೇ ಇನ್ನೊಮ್ಮೆ ಒತ್ತಿದೆ, ಕಟಕ್.
"ಮೂವತ್ತಾರು."
ಅವನು ಬರೆದುಕೊಂಡ. ನಾಯಿ ಮಾತ್ರ ನನ್ನನ್ನು ನೋಡಿತು.
ಯಾಕೆ ಹಾಗೆ ಹೇಳಿದೆನೋ, ಆಗಲೂ ಗೊತ್ತಿರಲಿಲ್ಲ.
ಆ ಫ್ಲಾಸ್ಕಿನಲ್ಲೇ ಈಗಲೂ ಚಹಾ ಒಯ್ಯುತ್ತೇನೆ,
ಬಿಸಿ ನಿಲ್ಲುವುದಿಲ್ಲ.

ದೀಪ ಹತ್ತಿತು. ಕೃತಜ್ಞತೆಗಳಲ್ಲಿ ನನ್ನ ಹೆಸರು
ಲೈನೆ ಹೋಗಿ ಲೀನೆ ಆಗಿತ್ತು.
"ಕೊನೆಗೆ ಯಾರದು?"
"ಪೆಟ್ಟಿಗೆ!"
"ಏನು?"
"ಪೆಟ್ಟಿಗೆಯಲ್ಲಿದ್ದ!" ಸಭೆಯೆಲ್ಲ ತಿರುಗಿ ನೋಡಿತು.
ವಾಂಬೋಲ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.
"ಪೆಟ್ಟಿಗೆ ಯಾಕೆ ಬೇಕಿತ್ತು?
ಒಂದು ರಾತ್ರಿ ನಾನು ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿದ್ದೆ,
ಎಣ್ಣೆಯ ಪೈಪು ಕಟ್ಟಿದೆ ಎಂದು ಮೇಲಕ್ಕೆ ಸುಳ್ಳು ಹೇಳಿ.
ನಾಲ್ಕೇ ನಿಮಿಷ.
ಯಾರೂ ಏನೂ ಕೇಳಲಿಲ್ಲ."

"ಯಾವ ವರ್ಷ?" ಅಂದೆ.
ಅವನಾಗಲೇ ಬಾಗಿಲ ಕಡೆ, ಜನರ ನಡುವೆ.
"ವಾಂಬೋಲ, ಯಾವ ವರ್ಷ?"