ಜೋಡಿ ರೇಟು

ಸೂಪರ್ ಮಾರ್ಕೆಟ್ ಹಿಂದ, ಮಾಳಿಗಿ ಮ್ಯಾಲ
ಕಟ್ಟಿಸೋ ಹಲ್ಲು ಮಾಡಾಂವ ನಾನು.
ಪ್ಲಾಸ್ಟರಿನ ಬಿಳಿ ಧೂಳು ಹುಬ್ಬಿಗೆ ಹತ್ತಿರತದ.
ಬಾಜೂ ಕಪಾಟಿನಾಗ ನಲವತ್ತೊಂದು ಗೊಂಬಿ,
ಎಲ್ಲಾ ಲೋಕ ಕಾಯೋ ವೀರರು.
ಹಂಗಾಗಿ ಸುತ್ತಿನ ನಾಕು ತಾಲೂಕಿನ ಹುಚ್ಚರಿಗೆ
ನನ್ನ ಮಾತೇ ತಕ್ಕಡಿ.

ನಿನ್ನಿ ವಾಡಿಯಿಂದ ಇಬ್ಬರು ಬಂದ್ರು,
ಸಿಗ್ನಲ್ ಖಾತೆಯ ಇಲಿಯಾಸ, ಪಾರ್ಸಲ್ ಆಫೀಸಿನ ಚಂದ್ರಶಾ.
ಒಂದೇ ಡಬ್ಬಿ, ಒಳಗ ಎರಡು.
ಗಿಡುಗ, ನೀಲಿ ರೆಕ್ಕಿಯವ, ಒಂದು ಕಂಪನಿಯವ.
ತಾಮ್ರಿ, ಕೈಯಾಗ ಸರಪಳಿ, ಇನ್ನೊಂದು ಕಂಪನಿಯಾಕಿ.
ಮೂವತ್ತು ವರ್ಷ ಕೋರ್ಟಿನಾಗ ಬಡಿದಾಡಿದವರು
ಒಂದೇ ಒಂದು ಸಂಚಿಕೆಗೆ ಕೈ ಕುಲುಕಿ
ಒಂದೇ ಒಂದು ಸಲ ತಗದ ಜೋಡಿ.
ಎಂಟು ವರ್ಷದ ಹಿಂದ ಅರ್ಧಾ ಅರ್ಧಾ ರೊಕ್ಕಾ ಹಾಕಿ ತರಿಸಿದ್ರು,
ಆರು ತಿಂಗಳು ಇವನ ಮನ್ಯಾಗ, ಆರು ತಿಂಗಳು ಅವನ ಮನ್ಯಾಗ.
ಈಗ ಇಲಿಯಾಸಗ ಗುಂತಕಲ್ಲಿಗೆ ವರ್ಗ.
‘ಒಂದೊಂದರ ರೇಟು ಹೇಳ್ರಿ, ಹಂಚಿಕೋತೇವು.’

ಲೈಟು ಹಚ್ಚಿದೆ. ಬಾಯಿ ನೋಡೋ ಸಣ್ಣ ಕನ್ನಡಿ
ಕಂಕುಳ ಸಂದಿಗೆ, ಗದ್ದದ ತಳಕ್ಕ ಹಿಡದೆ.
ಸುಳ್ಳು ಅಡಗೂದು ಸಂದ್ಯಾಗೇ.

ಗಿಡುಗನ ಬಣ್ಣ ಚೊಕ್ಕ. ಹುಬ್ಬಿನ ಗೆರಿ
ಬರದ ಕೈ ನಡುಗಿಲ್ಲ.
ರೆಕ್ಕಿ ಮಡಚಿದ್ರ ಕಟ್ ಅಂತದ, ಅದು ಛಲೋ ಸಪ್ಪಳ.
ಪಕ್ಕಿ ಮ್ಯಾಲ ಅಚ್ಚಿನ ಗೀರು ಉಜ್ಜಿಲ್ಲ;
ನನ್ನ ಕೈಕೆಳಗಿನ ಹುಡುಗ ಹಿಂಗ ಬಿಟ್ಟಿದ್ರ ಬೈತಿದ್ದೆ.
ತಾಮ್ರಿ ಮಾರಿ ಸಿಟ್ಟಿಂದಲ್ಲ, ನಗಿದೂ ಅಲ್ಲ,
ಟೋಕನ್ ಹಿಡದು ಬ್ಯಾಂಕಿನಾಗ ಕುಂತವರ ಮಾರಿ.
ಭಾಳ ಹಿಡಿಸ್ತು ನನಗ.
ಸರಪಳಿ ಖರೇ ಲೋಹದ್ದು, ಹದಿನೇಳು ಕೊಂಡಿ.
ಡಬ್ಬಿ ಮ್ಯಾಲ ಹದಿನೆಂಟು ಅಂತದ.
‘ನನ್ನ ಮಗಳು ಒಂದು ನುಂಗಿದ್ದಳ್ರಿ’ ಅಂದ ಇಲಿಯಾಸ,
‘ಮರುದಿನ ಸಿಕ್ತು. ಆದ್ರ ಹಚ್ಚಲಿಲ್ಲ.’

ಡಬ್ಬಿ ಮೂಲಿ ಮುಕ್ಕು. ಕಾಣೋ ಹಾಳಿ ಹಳದಿಗಟ್ಯಾದ,
ಬೀಡಿ ಸೇದವರ ಹಲ್ಲು, ನನ್ನ ಬಣ್ಣದ ಪಟ್ಟಿಯಾಗ ಎ-ನಾಕು.

ಆಮ್ಯಾಲ ನಿಲ್ಲಿಸಿ ನೋಡಿದೆ.
ಗಿಡುಗ ಅಂಗಾತ ಬಿದ್ದ.
ತಾಮ್ರಿನೂ.
ತಂಪು ದೇಶದ ಕಪಾಟಿಗಂತ ಎರಕ ಹೊಯ್ದ ಕಾಲು;
ವಾಡಿ ಕ್ವಾರ್ಟರ್ಸಿನ ಎಂಟು ಬ್ಯಾಸಿಗಿ,
ಸಿಮೆಂಟಿನ ಧೂಳು, ಕರೆಂಟಿಲ್ಲದ ಮಧ್ಯಾಹ್ನ,
ನಲವತ್ನಾಕು ಡಿಗ್ರಿ ಅವಕ್ಕೇನು ಗೊತ್ತು?
ಕಣಕಾಲು ಮೇಣದಂಗ ಬಾಗ್ಯಾವ.
‘ಮನ್ಯಾಗ ನಿಂತಿರತಾವಲ್ರಿ’ ಅಂತ ಚಂದ್ರಶಾ
ತಾನೇ ಮುಂದ ಬಂದು
ಆಕಿ ಬೆನ್ನು ಅವನ ಬೆನ್ನಿಗೆ ಹಚ್ಚಿದ.
ನಿಂತವು.

ಚೀಟಿ ಬರದೆ.
ಜೋಡಿ, ಹದಿನೆಂಟು ಸಾವಿರ.
ಗಿಡುಗ ಒಬ್ಬನೇ, ನಾಕು. ತಾಮ್ರಿ ಒಬ್ಬಾಕಿ, ಐದು.
ಲೋಪ: ಒಂಟಿ ನಿಲ್ಲಂಗಿಲ್ಲ. ಅದಕ್ಕ ತಲಾ ಐನೂರು ಹಿಡದೀನಿ.
‘ನಾಕೂ ಐದೂ ಒಂಬತ್ತಾತು. ಉಳದ ಒಂಬತ್ತು ಎಲ್ಲಿ ಹೋತ್ರಿ?’
ಮ್ಯಾಲಿನ ಸೆಟ್ಟು ಒಬ್ಬರ ಬಾಯಿಗೆ, ಕೆಳಗಿನದು ಇನ್ನೊಬ್ಬರ ಬಾಯಿಗೆ
ಹಂಚಿ ಕೊಟ್ಟದ್ದು ಇಪ್ಪತ್ತಾರು ವರ್ಷದಾಗ ಕಂಡಿಲ್ಲ ಅಂದೆ.
ಬೇಕಂದ್ರ ಬಿಸಿನೀರಾಗ ಅದ್ದಿ, ಒಳಗ ತಂತಿ ಕೂಡಸ್ತೀನಿ,
ಎರಡನೂರು ರೂಪಾಯಿ, ಇಬ್ಬರೂ ತಾವೇ ನಿಲ್ತಾರ.

ಗೊಂಬಿ ನೋಡಿದ್ರು. ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.
ಒಬ್ಬಾಂವ ‘ಇರಲಿ ಬಿಡ್ರಿ’ ಅಂದ,
ಇನ್ನೊಬ್ಬ ಸಂಜಿ ಪ್ಯಾಸೆಂಜರಿನ ಟೈಮು ಕೇಳಿದ,
ರೈಲ್ವೆದಾಗೇ ದುಡಿಯಾಂವ, ನನಗ.
ಚೀಟಿ ಟೇಬಲ್ಲಿನ ಮ್ಯಾಲೇ ಉಳೀತು.
ಚೀಲ ಯಾರ ಹೆಗಲಿಗಿತ್ತು, ನಾ ನೋಡಲಿಲ್ಲ.

ಹೊರಗ ಬಾಕಿನ ಮ್ಯಾಲ ಫರತಾಬಾದದ ಚನ್ನಬಸಮ್ಮ
ಹೊಸಾ ಹಲ್ಲಿಗೆ ಕಾಯ್ಲತ್ತಿದ್ದಳು.
ಕೂಡಿಸಿ, ನಡುವ ನೀಲಿ ಕಾಗದ ಇಟ್ಟೆ.
ಕಚ್ಚು ಯವ್ವಾ. ಬಿಡು. ಇನ್ನೊಮ್ಮೆ ಕಚ್ಚು.
ತಗದು ಬೆಳಕಿಗೆ ಹಿಡದೆ:
ಎಲ್ಲಿ ಒಂದಕ್ಕೊಂದು ಹತ್ತಿದ್ದವೋ
ಅಲ್ಲಷ್ಟೇ ಚುಕ್ಕಿ.