ತೊಟ್ಟಿಯ ತೂಕ ಕಳೆದು

ನಾನು ಉನ್ನೂರ್, ಈ ಬಂದರಿನ ತೂಕದವಳು.
ಐಸ್‌ಲ್ಯಾಂಡಿನ ಈ ಮೂಲೆಯಲ್ಲಿ ಯಾವ ದೋಣಿ ಬಂದರೂ
ಮೀನು ಮೊದಲು ನನ್ನ ಕಟ್ಟೆ ಹತ್ತಬೇಕು;
ಅಲ್ಲಿಯವರೆಗೆ ಅದು ಬರೀ ಕತೆ.
ಒಟ್ಟು ತೂಕ ಬರೆ, ತೊಟ್ಟಿಯದು ಕಳೆ,
ಮಂಜುಗಡ್ಡೆಯದೂ ಕಳೆ.
ಉಳಿದದ್ದು ಮೀನು.
ಇಪ್ಪತ್ತಾರು ವರ್ಷ ಇದೇ ಲೆಕ್ಕ.

ಹರಾಜು ಕೋಣೆಯ ಬ್ರಿಂದಿಸ್ ತನ್ನ ಲ್ಯಾಪ್‌ಟಾಪು ಮಾರುತ್ತಾಳಂತೆ.
‘ಒಂದು ವಾರ ಇಟ್ಟುಕೊಂಡು ನೋಡು’ ಅಂದಳು.
ಕೇಳುವುದು ಆರುನೂರು ಕಿಲೋ ಕಾಡ್ ಮೀನಿನ ಬೆಲೆ.
ಹುಟ್ಟುಗುಣ ಬಿಡದು: ಮೊದಲು ಕಟ್ಟೆಯ ಮೇಲಿಟ್ಟೆ.
ಟನ್ನುಗಳ ಕಟ್ಟೆ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.
ಮೀನಿನ ಮೊಟ್ಟೆ ತೂಗುವ ಸಣ್ಣ ತಕ್ಕಡಿ ಹೇಳಿತು:
ಒಂದೂವರೆ ಕಿಲೋ, ಮೇಲೊಂದು ಗುಲಗಂಜಿ.

ಚೆಲುವಿಗೆ ಸೋತೆ, ಸುಳ್ಳೇಕೆ ಹೇಳಲಿ.
ಒಂದೇ ಬೆರಳಿಗೆ ಮುಚ್ಚಳ ಏಳುತ್ತದೆ.
ಕಾಫಿ ತುಟಿಗೆ ತಾಗುವ ಮೊದಲೇ ಎದ್ದು ಕೂತಿರುತ್ತದೆ.
ನನ್ನ ಹಳೆಯದು ಏಳುವಷ್ಟರಲ್ಲಿ
ಕೊಲ್ಬೇನ್ ದೋಣಿ ಕಟ್ಟಿ, ಬೂಟು ಬಿಚ್ಚಿ,
ಹೆಂಡತಿಯ ಮೇಲಿನ ದೂರು ಪೂರ್ತಿ ಹೇಳಿ ಮುಗಿಸುತ್ತಿದ್ದ.
ಪರದೆಯ ಮೇಲೆ ಅಕ್ಷರಗಳು ಕಲ್ಲಲ್ಲಿ ಕೊರೆದಂತೆ.
ನವೆಂಬರಿನ ನಾಲ್ಕು ಗಂಟೆಯ ಕತ್ತಲಿಗೆ
ಕೀಲಿಮಣೆ ತಾನೇ ಬೆಳಗಿತು,
ನನ್ನ ಬೆರಳಿನ ಗಾಯದ ಕಲೆಗಳೆಲ್ಲ ಕಂಡವು.

ಒಳಗೆ ಮಾತ್ರ ಏನೂ ಇಲ್ಲ.
ತೂಕದ ಹಳೇ ತಂತ್ರಾಂಶಕ್ಕೆ ಕೂರಲು ಮಣೆಯಿಲ್ಲ,
ಚೀಟಿ ಮುದ್ರಿಸುವ ಪೆಟ್ಟಿಗೆಯ ಗುರುತೇ ಸಿಗಲಿಲ್ಲ ಅದಕ್ಕೆ.
ಬರೆದದ್ದೆಲ್ಲ ಎಲ್ಲೋ ಇದೆ, ಎಲ್ಲಿ ಎಂದು ಕೇಳಬಾರದು.
ಐದು ಗಂಟೆ ದುಡಿದರೆ ಹಸಿವು ಅನ್ನುತ್ತದೆ.

ಮೂರನೆಯ ದಿನ ಉತ್ತರದ ಗಾಳಿ.
ಬೆಟ್ಟದಾಚೆ ಎಲ್ಲೋ ತಂತಿ ತುಂಡಾಯಿತು.
‘ಸಂಪರ್ಕವಿಲ್ಲ’ ಎಂದಿತು ಪರದೆ,
ಎಂಥ ಸುಂದರ ಅಕ್ಷರಗಳಲ್ಲಿ!
ಹೊರಗೆ ನಾಲ್ಕು ದೋಣಿ, ಹನ್ನೊಂದು ಟನ್ ಹ್ಯಾಡಕ್,
ಬೈಗುಳದ ತೂಕ ಬೇರೆ.
ಕಿವಿಯ ಸಂದಿಯ ಪೆನ್ಸಿಲ್ ತೆಗೆದು
ಹಿಟ್ಟಿನ ಚೀಲದ ಕಾಗದದ ಮೇಲೆ ಬರೆದೆ.
ಬೈಯುವ ಮನಸ್ಸೇನೋ ಬಂತು. ಆದರೆ ಈ ಊರಲ್ಲಿ
ಸೂರ್ಯನೇ ಎರಡು ತಿಂಗಳು ಸಂಪರ್ಕದಲ್ಲಿರುವುದಿಲ್ಲ,
ಬೆಟ್ಟದ ಹಿಂದೆ ಎಲ್ಲೋ ಇದ್ದಾನೆ ಅನ್ನುವ ನಂಬಿಕೆಯ ಮೇಲೆ
ಜನ ಮದುವೆ ಆಗುತ್ತಾರೆ, ಸಾಲ ಮಾಡುತ್ತಾರೆ.

ಐದನೆಯ ದಿನ ಕೊಲ್ಬೇನ್ ಬಂದ. ದೂರಿರಲಿಲ್ಲ, ಮಾತೇ ಇರಲಿಲ್ಲ.
ಅಲೆಯೊಂದು ಗಾಜು ಒಡೆದು ಚುಕ್ಕಾಣಿ ಕೋಣೆಗೆ ನುಗ್ಗಿತ್ತಂತೆ.
ಅವನ ದಪ್ಪ ಲ್ಯಾಪ್‌ಟಾಪು, ಎಲ್ಲವನ್ನೂ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡದ್ದು,
ಯಾರನ್ನೂ ನಂಬದ್ದು,
ಹದಿನಾಲ್ಕು ವರ್ಷದ ಮೀನಿನ ಜಾಗ, ಆಳ, ತಿಂಗಳು, ಗಾಳಿಯ ದಿಕ್ಕು ಬಲ್ಲದ್ದು,
ಉಪ್ಪುನೀರು ಕುಡಿದು ಸತ್ತಿತ್ತು.
ತೂಕಕ್ಕೆ ತಂದವನಂತೆ ನನ್ನ ಮೇಜಿನ ಮೇಲಿಟ್ಟ.
ಏನು ಹೇಳಬೇಕೋ ತಿಳಿಯದೆ ತೂಗಿಯೇಬಿಟ್ಟೆ:
ಮೂರು ಕಿಲೋ ಇನ್ನೂರು, ನೀರು ಸೇರಿ.
ಇಬ್ಬರೂ ಆ ಅಂಕಿಯನ್ನೇ ನೋಡುತ್ತ ನಿಂತೆವು.

ಪಕ್ಕದಲ್ಲಿ ಬ್ರಿಂದಿಸಳದು ತೆಳ್ಳಗೆ ಬೆಳಗುತ್ತಿತ್ತು.
ಕಡಲಿಗೆಸೆದರೂ ಅದರದೊಂದು ಅಕ್ಷರ ಮುಳುಗದು;
ಗಾಳಿ ಬೀಸಿದರೆ ಅದಕ್ಕೊಂದು ಅಕ್ಷರ ಓದಲೂ ಬಾರದು.

ಅಳೆದೂ ಸುರಿದೂ ವಾರ ಮುಗಿಯಿತು.
ತೂಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ:
ಒಟ್ಟು, ಒಂದೂವರೆ ಕಿಲೋ. ತೊಟ್ಟಿಯ ತೂಕ, ಒಂದೂವರೆ ಕಿಲೋ.
ಮೀನು, ಬೇರೆಯವರ ಕಡಲಲ್ಲಿ.

ಬ್ರಿಂದಿಸ್ ಬಂದು ಬಾಗಿಲಲ್ಲಿ ಕೈಗವಸು ಕೊಡವಿದಳು.
‘ಏನಂತೀಯ?’
‘ಐನೂರು ಕಿಲೋ’ ಅಂದೆ.
‘ನೂರು ಎಲ್ಲಿ ಹೋಯಿತು?’
‘ಮಂಜುಗಡ್ಡೆಗೆ ಕಳೆದೆ.’

ನಕ್ಕಳು. ಕೈ ಕುಲುಕಿದಳು.
ಮರಳುವಾಗ ಅಂಗಡಿಯಲ್ಲಿ ಒಂದು ಡಜನ್ ಪೆನ್ಸಿಲ್ ಕೊಂಡೆ.